ತುರಿಕೆಯನ್ನು ಬಚ್ಚಿಟ್ಟವಳು

ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಹದಿನಾರು ವರ್ಷವಾಯಿತು. ಆರೈಕೆ ಮಾಡಿದವರ ಮುಖಗಳು ಎಷ್ಟೋ ಮರೆತುಹೋಗಿವೆ. ಗೋಪಿನಾಥಂ ಕಡೆಯಿಂದ ಬರುತ್ತಿದ್ದ ಆ ಹುಡುಗಿಯ ಮುಖ ಮಾತ್ರ ಮರೆತಿಲ್ಲ.

ಅವಳಿಗೆ ಥಲಸ್ಸೇಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು, ತಡವಾದರೆ ನಾಲ್ಕು ಹೆಜ್ಜೆಗೇ ಏದುಸಿರು. ಹತ್ತೊಂಬತ್ತು ತುಂಬಿದ್ದರೂ ಹನ್ನೆರಡರವಳಂತೆ ಕಾಣುತ್ತಿದ್ದಳು. ಅವಳ ತಾಯಿ ಕೂಲಿ ಮಾಡುವ ಹೆಂಗಸು. ಇಬ್ಬರೂ ಮೊದಲ ಬಸ್ಸು ಹಿಡಿದು ದೇವಸ್ಥಾನದ ಬೆಟ್ಟಕ್ಕೆ ಬಂದು, ಅಲ್ಲಿ ಇನ್ನೊಂದಕ್ಕೆ ಕಾದು, ಹನೂರು ದಾಟಿ ನಮ್ಮಲ್ಲಿಗೆ ಮುಟ್ಟುವಾಗ ಹನ್ನೊಂದು ಗಂಟೆ. ತಮ್ಮೊಳಗೆ ತಮಿಳಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ನಮ್ಮೊಡನೆ ಕನ್ನಡ.

ಸೂಜಿ ಚುಚ್ಚಿಸಿಕೊಂಡೇ ಬೆಳೆದವಳಾದ್ದರಿಂದ ತನ್ನ ಕೈಯ ನರಗಳೆಲ್ಲ ಅವಳಿಗೆ ಗೊತ್ತಿದ್ದವು. ಇದು ಸಿಕ್ಕುವುದಿಲ್ಲ, ಅದು ಹೋದ ಸಲವೇ ಬತ್ತಿತು ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಹೊಸದಾಗಿ ಬಂದ ಮಕ್ಕಳು ಅತ್ತರೆ ಪಕ್ಕದ ಮಂಚದಿಂದಲೇ ಏನಾದರೂ ಹೇಳಿ ನಗಿಸುವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಅದು ಶಿವರಾತ್ರಿ ಕಳೆದ ಮೇಲಿನ ಬಿಸಿಲು. ರಕ್ತ ಹಚ್ಚಿ, ನಿಯಮದಂತೆ ಮೊದಲ ಕಾಲು ಗಂಟೆ ಅವಳ ಪಕ್ಕದಲ್ಲೇ ನಿಂತಿದ್ದೆ. ನಾಡಿ, ಬಿಪಿ, ಜ್ವರ ಎಲ್ಲ ನೋಡಿದೆ. ತುರಿಕೆ ಇದೆಯೇ, ಚಳಿಯಾಗುತ್ತಿದೆಯೇ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಅಷ್ಟರಲ್ಲಿ ಯಳಂದೂರು ಕಡೆಯ ಮುದುಕರೊಬ್ಬರನ್ನು ಎತ್ತಿಕೊಂಡು ಬಂದರು. ಜೇನು ಕಡಿದು ಅವರ ಮುಖವೆಲ್ಲ ಊದಿ, ಉಸಿರು ಸಿಕ್ಕಿಕೊಂಡಿತ್ತು. ವಾರ್ಡಿನಲ್ಲಿ ನಾನೊಬ್ಬಳೇ. ಡಾಕ್ಟರ ಜೊತೆ ಅವರನ್ನು ನೋಡಿಕೊಂಡು ಹಿಂತಿರುಗುವಾಗ ಅರ್ಧ ಗಂಟೆ ಕಳೆದಿತ್ತು. ಮುದುಕರು ಉಳಿದರು.

ಹುಡುಗಿ ಆ ಸೆಕೆಯಲ್ಲೂ ಕತ್ತಿನವರೆಗೆ ಹೊದ್ದು ಮಲಗಿದ್ದಳು. ಒಳಗಿಂದೊಳಗೆ ಕೈ ಆಡುತ್ತಿತ್ತು. ಹೊದಿಕೆ ಸರಿಸಿದೆ. ಹೊಟ್ಟೆ, ತೊಡೆ, ತೋಳಿನ ತುಂಬ ಪಿತ್ತದ ಗಂಧೆಗಳು ಕೆಂಪಗೆ ಎದ್ದಿದ್ದವು. ತುಟಿ ದಪ್ಪಗಾಗಿತ್ತು. ತಾಯಿ ಗೋಡೆಗೆ ಒರಗಿ ಕೂತಿದ್ದಳು.

ನಾನು ರಕ್ತದ ಕೊಳವೆ ಮುಚ್ಚಲು ಕೈ ಹಾಕಿದಾಗ ಹುಡುಗಿ ನನ್ನ ಮಣಿಕಟ್ಟು ಹಿಡಿದಳು.

"ನಿಲ್ಲಿಸ್ಬ್ಯಾಡಿ ಅಕ್ಕ. ಇನ್ನೊಸಿನೇ ಇರಾದು."

ಅದರ ಹಿಂದೆಯೇ ಎದೆಯಲ್ಲಿ ಸಿಳ್ಳೆಯಂಥ ಸದ್ದು ಶುರುವಾಯಿತು. ರಕ್ತ ನಿಲ್ಲಿಸಿದೆ. ಡಾಕ್ಟರು ಓಡಿ ಬಂದು ಅಡ್ರಿನಲಿನ್ ಕೊಟ್ಟರು. ನಾನು ಆಕ್ಸಿಜನ್ ಇಟ್ಟು, ಹೊಸ ಕೊಳವೆಯಲ್ಲಿ ಸಲೈನ್ ಹಚ್ಚಿದೆ. ಉಸಿರು ಹದಕ್ಕೆ ಬಂದ ಮೇಲೆ ಅವಳು ಕಣ್ಣು ತೆರೆದು ಮೊದಲು ನೋಡಿದ್ದು ಅರ್ಧ ಉಳಿದ ರಕ್ತದ ಚೀಲವನ್ನು. ನೋಡಿ, ಮುಖ ಆ ಕಡೆ ತಿರುಗಿಸಿ ಅತ್ತಳು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳುಹಿಸಿದೆವು. ಎರಡು ದಿನವಿದ್ದು ಊರಿಗೆ ಹೋದಳೆಂದು ತಿಳಿಯಿತು.

ಮುಂದಿನ ಸರದಿಗೆ ಅವರು ಬರಲಿಲ್ಲ. ಫೋನು ಮಾಡಿದೆ, ತಾಯಿ ಬರುತ್ತೇವೆ ಎಂದಳು. ಆಮೇಲೆ ಫೋನು ಸಿಗಲೇ ಇಲ್ಲ. ಎರಡು ತಿಂಗಳ ನಂತರ ಬಂದಾಗ ಹುಡುಗಿಯ ಕಾಲು ಊದಿತ್ತು, ನಾಲಿಗೆ ಸುಣ್ಣದಂತೆ ಬಿಳುಚಿತ್ತು. ಆವತ್ತೇ ಮತ್ತೆ ಮೈಸೂರಿಗೆ ಕಳುಹಿಸಿದೆವು. ವರ್ಷಗಳಿಂದ ದಣಿದಿದ್ದ ಹೃದಯ ತಡೆಯಲಿಲ್ಲ. ನಾಲ್ಕನೆಯ ದಿನ ತೀರಿಕೊಂಡಳು.

ತಿಂಗಳಾದ ಮೇಲೆ ತಾಯಿ ಒಬ್ಬಳೇ ಬಂದಳು. ಯಾವುದೋ ಅರ್ಜಿಗೆ ಹಳೆಯ ಚೀಟಿಗಳು ಬೇಕಿದ್ದವು. ಊಟದ ಹೊತ್ತು. ನನ್ನ ಡಬ್ಬಿಯಿಂದ ಅರ್ಧ ಬಡಿಸಿಕೊಟ್ಟೆ. ಎರಡು ತುತ್ತು ತಿಂದು ಕೈ ನಿಲ್ಲಿಸಿದಳು.

"ಆವತ್ತೊಂದಿನ ಅಲ್ಲ ಕಣ್ ಸಿಸ್ಟ್ರಮ್ಮ. ಅದ್ಕು ಮೊದ್ಲು ಮೂರ್ ಸಲ ಕಡ್ತ ಬಂದಿತ್ತು. ಏಳ್ಬ್ಯಾಡ ಕಣವ್ವ ಅಂತ ನನ್ ಕೈಲಿ ಆಣೆ ಆಕಿಸ್ಕಂಡಿದ್ಲು."

ಯಾಕೆ ಹೇಳಬಾರದಿತ್ತು ಎಂದೆ. ಚಿಕ್ಕವಳಿದ್ದಾಗ ಬೇರೆ ಕಡೆ ಒಮ್ಮೆ ತುರಿಕೆ ಎಂದಿದ್ದಕ್ಕೆ ರಕ್ತ ನಿಲ್ಲಿಸಿ ಹಾಗೇ ಮನೆಗೆ ಕಳಿಸಿದ್ದರಂತೆ. ಬೇರೆ ರಕ್ತ ಸಿಗಲು ಹತ್ತು ದಿನ ಹಿಡಿಯಿತಂತೆ. ಆ ಹತ್ತು ದಿನವೂ ತಾಯಿ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಓಡಾಡಿದ್ದಳು. ಅದನ್ನು ಮಗಳು ಮರೆತಿರಲಿಲ್ಲ. ಕೊನೆಗೆ ಆವತ್ತು ನಮ್ಮಲ್ಲಿ ಉಸಿರು ಕಟ್ಟಿದ ಮೇಲೆ ಮಾತ್ರ ರಕ್ತವೆಂದರೆ ಹೆದರಿ, ಬಸ್ಸು ಹತ್ತಲು ಒಪ್ಪದೆ ದಿನ ತಳ್ಳಿದಳು.

ಒಮ್ಮೆ ಹೇಳಿದ್ದರೆ ಸಾಕಿತ್ತು. ರಕ್ತ ಹಚ್ಚುವ ಮೊದಲೇ ಅಲರ್ಜಿಯ ಇಂಜೆಕ್ಷನ್ ಕೊಟ್ಟು, ನಿಧಾನವಾಗಿ ಏರಿಸುತ್ತಿದ್ದೆವು. ಇದನ್ನು ಆ ತಾಯಿಗೆ ಹೇಳದೆ, ಅವಳ ಚೀಟಿಗಳನ್ನು ಜೋಡಿಸಿಕೊಟ್ಟೆ.

"ಆಣೆ ಮುರ್ದಿದ್ರೆ ಉಳ್ಕತಿದ್ಲಾ?" ಎಂದು ಅವಳೇ ಕೇಳಿದಳು.

ಗೊತ್ತಿಲ್ಲ, ಹೊದಿಕೆ ಸರಿಸಿ ನೋಡಬೇಕಾಗಿದ್ದವಳು ನಾನು ಎಂದೆ. ಅವಳು ತಟ್ಟೆ ತೊಳೆದಿಟ್ಟು, ಮೂರರ ಬಸ್ಸಿದೆ ಎಂದು ಹೊರಟಳು.

ಅವಳು ಹೋದ ಮೇಲೆ ಹಳೆಯ ಫೈಲು ತೆಗೆದು ನೋಡಿದೆ. ಆ ಮೂರೂ ಸಲದ ಹಾಳೆಗಳಲ್ಲಿ ನನ್ನದೇ ಅಕ್ಷರ: ಯಾವ ತೊಂದರೆಯೂ ಇಲ್ಲ. ಈಗ ನಾನು ರಕ್ತ ಹಚ್ಚಿದವರನ್ನು ಕೇಳಿ ಸುಮ್ಮನಾಗುವುದಿಲ್ಲ. ಹೊದಿಕೆ ಸರಿಸಿ ಹೊಟ್ಟೆ, ಬೆನ್ನು ನೋಡುತ್ತೇನೆ. ಕೆಲವರು ನಾಚಿಕೊಳ್ಳುತ್ತಾರೆ, ಕೆಲವರು ಬೇಸರಪಡುತ್ತಾರೆ. ತುರಿಸಿದರೆ ಹೇಳಿ, ಇವತ್ತೇ ಬೇರೆ ರಕ್ತಕ್ಕೆ ನಾನು ಓಡಾಡುತ್ತೇನೆ ಎಂದೂ ಹೇಳುತ್ತೇನೆ.