ತೆರೆದ ಅಂಗೈ

ರುದ್ರಣ್ಣ, ನಿಮ್ಮ ಮನೆಯವರು, ಗಿರಿಜಕ್ಕ, ಪಾನಕ ಬೇಡವೆನ್ನಲಿಲ್ಲ. ಕೇಳಿದರು. ನಾನು ಹಾಕಲಿಲ್ಲ.

ಎಲ್ಲಿ ನಿಂತಿದ್ದೆ ಎಂಬುದನ್ನು ಸರಿಯಾಗಿ ಹೇಳುತ್ತೇನೆ. ಹರಿಹರದಲ್ಲಿ, ಹೊಳೆದಂಡೆಯ ಸಮುದಾಯ ಭವನದಲ್ಲಿ, ಕಿಟಕಿ ಕಡೆಯ ಸಾಲಿನಲ್ಲಿ, ಗಿರಿಜಕ್ಕನ ಎಲೆಯ ಮುಂದೆ. ಮೂರು ವರ್ಷದ ಹಿಂದಿನ ಒಂದು ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಗಡಿಯಾರ ನನ್ನೆದುರಿನ ಗೋಡೆಯಲ್ಲೇ ಇತ್ತು. ಕೈಯಲ್ಲಿ ಬೆಲ್ಲದ ಪಾನಕದ ಜಗ್ಗು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

ದಾವಣಗೆರೆಯ ವಿನೋಬನಗರದ ನಮ್ಮ ಯೋಗ ತರಗತಿಯವರ ಒಂದು ದಿನದ ಶಿಬಿರ ಅದು. ಆಸನ, ಧ್ಯಾನ, ಆಮೇಲೆ ಮೌನದ ಊಟ. ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು. ಮಾತಿಲ್ಲ, ಕೈಸನ್ನೆ ಮಾತ್ರ — ಎಲೆಯ ಮೇಲೆ ಅಂಗೈ ಕವುಚಿದರೆ ಸಾಕು, ಮೇಲಕ್ಕೆ ತೆರೆದರೆ ಬೇಕು. ಬಡಿಸುವ ನನಗೆ ಗುರುಗಳು ಮೊದಲೇ ಹೇಳಿದ್ದರು: "ಎರಡನೇ ಸಲ ಕೇಳೋದು ಹಸಿವಲ್ಲ, ನಾಲಿಗೆ ಚಪಲ. ಹಾಕಬ್ಯಾಡ್ರಿ."

ಆ ಪದ್ಧತಿಯಿಂದ ನನಗೆ ಒಳ್ಳೆಯದೇ ಆಗಿತ್ತು. ಹೊಟ್ಟೆಯ ಉರಿ ನಿಂತಿತ್ತು, ನಿದ್ದೆ ಬರುತ್ತಿತ್ತು. ಯೋಗವನ್ನು ದೂರುತ್ತಿಲ್ಲ. ನಿಯಮ ಪಾಲಿಸುವವನೆಂಬ ಹೆಮ್ಮೆ ನನಗಿತ್ತು — ಅದನ್ನು ಹೇಳುತ್ತಿದ್ದೇನೆ.

ಬರುವಾಗ ಬಸ್ಸಿನಲ್ಲಿ ಗಿರಿಜಕ್ಕ ಎಲ್ಲರನ್ನೂ ನಗಿಸಿದ್ದರು. "ಮೂವತ್ತೆರಡು ಸಲ ಅಗಿಯಾಕ ನನಗ ಇರೋವೇ ಹತ್ತೊಂಬತ್ತು ಹಲ್ಲು!" ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾ, ಸಕ್ಕರೆ ಕಾಯಿಲೆ ಇಂಜೆಕ್ಷನ್ ಚುಚ್ಚಿಕೊಂಡೇ ಬಂದೀನಿ. ಲಗೂನ ಊಟಕ್ಕ ಹಾಕ್ರಿ. ಇಲ್ಲಾಂದ್ರ ನಾನು ಸೀದಾ ಶವಾಸನನ," ಎಂದರು. ನಾನೂ ನಕ್ಕಿದ್ದೆ.

ಅಂದರೆ ನನಗೆ ಗೊತ್ತಿತ್ತು.

ಒಂಬತ್ತಕ್ಕೆ ಆಗಬೇಕಿದ್ದ ಊಟ ಒಂದು ತಾಸು ತಡವಾಯಿತು. ಮೊದಲ ಸುತ್ತಿನಲ್ಲಿ ಎಲ್ಲರಿಗೂ ಅರ್ಧ ಲೋಟ ಪಾನಕ ಹಾಕಿದೆ. ಎರಡನೆಯ ಸಲ ಆ ಸಾಲಿಗೆ ಬಂದಾಗ ಗಿರಿಜಕ್ಕನ ಹಣೆಯಿಂದ ಬೆವರು ಎಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ತುತ್ತು ಬೆರಳಿನಿಂದ ಜಾರುತ್ತಿತ್ತು. ಅವರು ಎಡಗೈ ಚಾಚಿದರು. ಅಂಗೈ ತೆರೆದಿತ್ತು. ನಡುಗುತ್ತಿತ್ತು. ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಜಗ್ಗಿನ ಮೇಲಿತ್ತು.

ಎಷ್ಟು ಹೊತ್ತು ನಿಂತೆ — ಎರಡು ಉಸಿರು, ಮೂರು? ಗುರುಗಳು ನೋಡುತ್ತಿದ್ದಾರೆ ಎನ್ನಿಸಿತು. ಮುಂದಿನ ಎಲೆಗೆ ಹೋದೆ.

ಅವರು ಎದ್ದದ್ದು ಕಾಣಲಿಲ್ಲ. ಬಾಗಿಲಾಚೆಯ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದ ಸದ್ದು ಮಾತ್ರ ಕೇಳಿತು. ಆಗಲೂ ಒಂದು ಕ್ಷಣ ಯಾರೂ ಮೌನ ಮುರಿಯಲಿಲ್ಲ.

ದಾವಣಗೆರೆಯ ಆಸ್ಪತ್ರೆಗೆ ನೀವು ಊರಂಚಿನ ಕರೂರಿನ ಫ್ಯಾಕ್ಟರಿಯಿಂದ ಕೆಲಸದ ಸಮವಸ್ತ್ರದಲ್ಲೇ ಓಡಿ ಬಂದಿರಿ. ಸಕ್ಕರೆ ಪೂರಾ ಇಳಿದು ತಲೆಸುತ್ತಿ ಬಿದ್ದಿದ್ದಾರೆ, ತಲೆಗೆ ಪೆಟ್ಟಾಗಿದೆ ಎಂದರು ಡಾಕ್ಟರು. ನೀವು ನನ್ನ ಭುಜ ಹಿಡಿದು ಕೇಳಿದಿರಿ: "ಸಿಹಿದು ಏನೂ ಕೊಡಲಿಲ್ಲೇನ್ರಿ ಆಕಿಗೆ?"

"ಕೊಡಾಕ ಹೋದೆ ಅಣ್ಣ. ಬ್ಯಾಡ ಅಂತ ಎಲೆ ಮ್ಯಾಲೆ ಕೈ ಕವುಚಿದ್ರು."

ಅಷ್ಟೇ ಮಾತು. ಹೇಗೆ ಬಂತೋ — ಇಲ್ಲ, ಹೇಗೆ ಬಂತೆಂದು ಗೊತ್ತು. ಹೆದರಿಕೆಯಿಂದ ಬಂತು.

ಮೂರನೆಯ ದಿನ ಅವರು ಹೋದರು. ವರ್ಷದ ಪೂಜೆಯಲ್ಲಿ ನೀವು ನೆಂಟರಿಗೆ ಹೇಳುತ್ತಿದ್ದಿರಿ: "ಕೊಡಾಕ ಬಂದ್ರೂ ಬ್ಯಾಡ ಅಂದ್ಲು. ನಮ್ಮನ್ನ ಬಿಟ್ಟು ಹೋಗಬೇಕು ಅಂತಾನ ಇತ್ತೇನೋ ಆಕಿಗೆ." ಫೋಟೊಗೆ ಹೂ ಹಾಕಲು ಮಗಳನ್ನು ಕರೆದಿರಿ. ನೀವು ಹಾಕಲಿಲ್ಲ. ನಾನು ಅಲ್ಲೇ ಕೂತು ನಿಮ್ಮನೆಯ ಊಟ ಮಾಡಿದೆ.

ಅಂದಿನಿಂದ ನಿಮ್ಮ ಫೋನ್ ಬಂದರೆ ಬೆವರುತ್ತೇನೆ. ತರಗತಿಯಲ್ಲಿ ಯಾರಾದರೂ ಧ್ಯಾನಕ್ಕೆಂದು ಮೊಣಕಾಲ ಮೇಲೆ ಅಂಗೈ ತೆರೆದಿಟ್ಟರೆ ಕಣ್ಣು ಮುಚ್ಚಲಾಗುವುದಿಲ್ಲ. ಈಗ ಹೋಗುವುದನ್ನೇ ಬಿಟ್ಟಿದ್ದೇನೆ.

ಗಿರಿಜಕ್ಕ ಹಟ ಮಾಡಲಿಲ್ಲ, ರುದ್ರಣ್ಣ. ಬದುಕಬೇಕೆಂದೇ ಕೈ ಚಾಚಿದರು. ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.

ನನ್ನ ಮಾತನ್ನು ಇನ್ನೊಮ್ಮೆ ನಂಬಬೇಕಾಗಿಲ್ಲ. ಅವರ ಬಲಗಡೆಯ ಎಲೆಗೆ ಕೂತಿದ್ದವರು ಹೊಲಿಗೆಯ ಶಾಂತಕ್ಕ. ಆ ಕೈಯನ್ನು ಕಂಡು ಬಾಯಿ ತೆರೆದವರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ನಿಮ್ಮ ಹಿಂದಿನ ರಸ್ತೆಯಲ್ಲೇ ಇದ್ದಾರೆ, ಬದುಕಿದ್ದಾರೆ. ಕೇಳಿ.