ಹಕ್ಕಿ ವಹಿಯ ಕೊನೆಯ ಖಾನಾ

ನನ್ನ ವಿಜ್ಞಾನ ಲೇಖನಗಳನ್ನು ಓದಿದವರಿಗೆ ನನ್ನ ಹಟ ಗೊತ್ತು. ದೆವ್ವ, ಶಕುನ, ಸತ್ತವರ ಸುಳಿವು ಅಂತ ಯಾರಾದರೂ ಶುರುಮಾಡಿದರೆ, 'ಹಿಂದಿನ ರಾತ್ರಿ ಎಷ್ಟು ತಾಸು ನಿದ್ದೆ ಮಾಡಿದ್ದಿರಿ?' ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಶಹಾಪುರದ ನಮ್ಮ ನೆಂಟರು ಇಂಥ ಕಥೆಗಳನ್ನು ನಾನು ಎದ್ದುಹೋದ ಮೇಲೆಯೇ ತೆಗೆಯುತ್ತಿದ್ದರು. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನೀವೂ ಅದೇ ಪ್ರಶ್ನೆ ಕೇಳಬಹುದು. ಆ ದಿನಗಳಲ್ಲಿ ನನಗೆ ನಿದ್ದೆಯೇ ಇರಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಭೀಮರಾಯ ಸರಕಾರಿ ಗುಮಾಸ್ತ, ಕೆಂಭಾವಿಯವನು, ನನ್ನ ಗೆಳೆಯ. ಚಳಿಗಾಲದ ಭಾನುವಾರಗಳಲ್ಲಿ ಇಬ್ಬರೂ ಸುರಪುರ ದಾಟಿ ಬೋನಾಳ ಕೆರೆಗೆ ಹೋಗಿ ಹಕ್ಕಿ ಎಣಿಸುತ್ತಿದ್ದೆವು. ಈ ಕೆಲಸಕ್ಕೆ ಇಬ್ಬರು ಬೇಕು. ನೋಡುವವನು ಬರೆಯಲು ಕಣ್ಣು ತೆಗೆದರೆ ಎಣಿಕೆ ತಪ್ಪುತ್ತದೆ. ನಾನು ದುರ್ಬೀನು ಹಿಡಿದು ಏರಿಯ ಮೇಲೆ ನಿಂತು ಕೂಗುತ್ತಿದ್ದೆ. ಅವನು ಹಿಂದೆ ಒಂದು ಕಲ್ಲಿನ ಮೇಲೆ ಕೂತು ವಹಿಯಲ್ಲಿ ಬರೆದುಕೊಂಡು "ಹಾಂ, ಮುಂದ" ಎನ್ನುತ್ತಿದ್ದ. ವಹಿಗೆ ಗೆರೆ ಹಾಕಿ ನಾಲ್ಕು ಖಾನಾ ಮಾಡಿದವನೂ ಅವನೇ: ಹಕ್ಕಿಯ ಹೆಸರು, ಸಂಖ್ಯೆ, ಹೊತ್ತು, ಕೊನೆಗೆ 'ಎಣಿಸಿದವರು'. ಆ ಕೊನೆಯದರಲ್ಲಿ ಪ್ರತಿವಾರವೂ 'ಇಬ್ಬರು' ಎಂದು ಬರೆಯುತ್ತಿದ್ದ. ಗೊತ್ತಿದ್ದದ್ದನ್ನೇ ಎಷ್ಟು ಸಲ ಬರೆಯುತ್ತೀ ಎಂದು ಕೆಣಕಿದರೆ, "ಖಾನಾ ಖಾಲಿ ಬಿಡಬಾರದ್ರಿ ಸರ. ಖಾಲಿ ಬಿಟ್ರ ಯಾರ ಬೇಕಾದ್ರೂ ಬರೀತಾರ" ಎನ್ನುತ್ತಿದ್ದ. ಕಚೇರಿಯಲ್ಲಿ ಕಲಿತ ಬುದ್ಧಿ.

ಮೂರು ವರ್ಷದ ಹಿಂದೆ ದೀಪಾವಳಿ ಆದ ಮೇಲೆ ಒಂದು ಶನಿವಾರ ಅವನ ಫೋನ್ ಬಂತು. "ಪಟ್ಟೆತಲಿ ಬಾತು ಬಂದಾವಂತ್ರಿ ಸರ. ನಾಳೆ ಹೋಗೂಣು?" ಲೇಖನ ಮುಗಿಸಬೇಕು, ಮುಂದಿನ ವಾರ ನೋಡೋಣ ಎಂದೆ. ಕೆರೆ, ಗಿಡಮರ, ಹಕ್ಕಿಗಳ ನಡುವೆ ಕಳೆದ ಹೊತ್ತು ಮನಸ್ಸಿಗೆ ಹೇಗೆ ಔಷಧಿ ಎಂಬುದೇ ಆ ಲೇಖನದ ವಿಷಯ. ಸೋಮವಾರ ಬೆಳಿಗ್ಗೆ ಭೀಮರಾಯ ಸ್ನಾನಕ್ಕೆ ಹೊರಟವನು ಎದೆ ಹಿಡಿದುಕೊಂಡು ಕುಸಿದು ತೀರಿಹೋದ. ದಿನಕರ್ಮ ಮುಗಿದ ಮೇಲೆ ಅವನ ಹೆಂಡತಿ ವಹಿಯನ್ನು ನನ್ನ ಕೈಗಿಟ್ಟಳು.

ಲೇಖನ ಅಚ್ಚಾಯಿತು. ಓದುಗರು ಫೋನ್ ಮಾಡಿ ಹೊಗಳುತ್ತಿದ್ದರು. ನಾನು ಫೋನ್ ಇಟ್ಟು ಗೋಡೆ ನೋಡುತ್ತ ಕೂರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಖಿನ್ನತೆಯೂ ಒಂದು ಕಾಯಿಲೆ, ಮುಚ್ಚಿಡಬೇಡಿ ಎಂದು ಊರಿಗೆಲ್ಲ ಬರೆದವನು ಹೆಂಡತಿಯಿಂದಲೇ ಮುಚ್ಚಿಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಜನವರಿಯ ಒಂದು ಭಾನುವಾರ, ಹಕ್ಕಿ ಎಣಿಸಿ ಬರುತ್ತೇನೆಂದು ಅವಳಿಗೆ ಹೇಳಿ ಸ್ಕೂಟರ್ ಹತ್ತಿದೆ. ತಿರುಗಿ ಬರುವ ಮನಸ್ಸಿರಲಿಲ್ಲ.

ಕೆರೆ ಮುಟ್ಟಿದಾಗ ಬಿಸಿಲು ಚೆನ್ನಾಗಿ ಬಿದ್ದಿತ್ತು. ಪಕ್ಕದ ಹತ್ತಿ ಹೊಲದಿಂದ ಔಷಧಿಯ ವಾಸನೆ ಬರುತ್ತಿತ್ತು. ವಹಿಯನ್ನು ಅದೇ ಕಲ್ಲಿನ ಮೇಲೆ ಬಿಚ್ಚಿಟ್ಟು, ಹಾಳೆ ಹಾರದಂತೆ ಒಂದು ಹರಳು ಹೇರಿ, ಪಕ್ಕದಲ್ಲಿ ಪೆನ್ಸಿಲ್ ಇಟ್ಟೆ. ಕಡೆಯ ಸಲ ಎಣಿಸಿಬಿಡೋಣ ಅನ್ನಿಸಿರಬೇಕು. ರೂಢಿಯಂತೆ ಕೂಗಿ ಹೇಳುತ್ತ ಹೋದೆ. ಒಂದು ಹಕ್ಕಿಯ ಲೆಕ್ಕ ಹೇಳಿ, ಬರೆದುಕೊಳ್ಳಲು ಬೇಕಾಗುವಷ್ಟು ಹೊತ್ತು ನಿಂತು, ಮುಂದಿನದಕ್ಕೆ ಹೋಗುತ್ತಿದ್ದೆ. ಹಿಂದಿನಿಂದ ದನಿ ಕೇಳಿತು ಎಂದರೆ ಕಥೆಗೆ ಕಳೆ ಬರುತ್ತಿತ್ತು. ಕೇಳಲಿಲ್ಲ. ಆದರೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ಮಾತ್ರ ಪ್ರತಿ ಸಲವೂ ನನಗೆ ಗೊತ್ತಾಗುತ್ತಿತ್ತು.

ಅರ್ಧ ತಾಸಿನ ಮೇಲೆ ದುರ್ಬೀನು ಇಳಿಸಿ ತಿರುಗಿದೆ. ಹಾಳೆ ತುಂಬಿತ್ತು.

ನಾನು ಕೂಗಿದ್ದೆಲ್ಲ ಸಾಲಾಗಿ ಇತ್ತು. ಅಕ್ಷರ ನನ್ನವೇ, ಅದರಲ್ಲಿ ಸಂಶಯವಿಲ್ಲ. ಆದರೆ ಸಂಖ್ಯೆಗಳೆಲ್ಲ ಕನ್ನಡ ಅಂಕಿಯಲ್ಲಿದ್ದವು. ನಾನು ಶಾಲೆ ಬಿಟ್ಟ ಮೇಲೆ ಕನ್ನಡ ಅಂಕಿ ಬರೆದವನಲ್ಲ. ಭೀಮರಾಯ ಕನ್ನಡ ಅಂಕಿ ಬಿಟ್ಟು ಬೇರೆ ಬರೆದವನಲ್ಲ. ಕೊನೆಯ ಖಾನಾದಲ್ಲಿ 'ಇಬ್ಬರು' ಎಂದಿತ್ತು. ಹೆದರಿಕೆ ಆಗಲಿಲ್ಲ. ವಹಿ ಕೈಗೆತ್ತಿಕೊಂಡು ಕಲ್ಲಿನ ಮೇಲೆ ಕೂತು ಅತ್ತೆ. ಅವನು ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಏರಿಯ ಕೆಳಗೆ ಎಮ್ಮೆ ಮೇಯಿಸುತ್ತಿದ್ದ ದೇವಮ್ಮ ಮೇಲೆ ಬಂದಳು. ನಮ್ಮನ್ನು ವರ್ಷಗಳಿಂದ ಬಲ್ಲವಳು.

"ಯಾಕ್ರಿ ಸರ, ಇವತ್ತ ಒಬ್ಬರೇ ಬಂದೀರಿ? ಬರಕೊಳ್ಳೋರು ಎಲ್ಲಿ?"

"ತೀರಿಕೊಂಡ, ಯವ್ವಾ."

ಅವಳು ಕೈಯಲ್ಲಿದ್ದ ಕೋಲು ಕೆಳಗಿಟ್ಟಳು. "ಮತ್ತ ಇಷ್ಟೊತ್ತನ ಯಾರ ಕೂಡ ಮಾತಾಡಾಕತ್ತಿದ್ರಿ?"

"ನಾ ನಡುವ ಈ ಕಲ್ಲಿನ ಕಡೆ ಬಂದಿದ್ದು ನೋಡೀಯೇನು?"

"ಇಲ್ರಿ. ನಿಂತ ಜಾಗಾ ಬಿಟ್ಟಿಲ್ಲ ನೀವು." ನನ್ನ ಮುಖ ನೋಡಿ ದನಿ ಇಳಿಸಿದಳು. "ಮನಿಗಿ ಹೋಗ್ರಿ ಸರ. ಮನ್ಯಾಗ ದಾರಿ ನೋಡತಿರ್ತಾರ."

ಮನೆಗೆ ಹೋದೆ. ಯಾಕೆ ಹೊರಟಿದ್ದೆ ಎಂಬುದನ್ನೂ ಬಿಡದೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ವಹಿ ಹಿಡಿದುಕೊಂಡು, "ಇಷ್ಟ ದಿನ ಒಬ್ಬರೇ ಹೊತ್ಕೊಂಡು ತಿರುಗ್ಯಾಡೀರಲ್ರಿ" ಎಂದಳು. ಮರುದಿನವೇ ಕಲಬುರಗಿಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದಳು. ನಿದ್ದೆಗೆಟ್ಟ ಮನಸ್ಸು ದುಃಖದಲ್ಲಿರುವಾಗ ಅರಿವಿಲ್ಲದೆ ಕೈ ಕೆಲಸ ಮಾಡಬಹುದು, ಮಾಡಿದ್ದು ನೆನಪಿಲ್ಲದಿರಬಹುದು ಎಂದು ಅವರು ವಿವರಿಸಿದರು. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ದೇವಮ್ಮ ನಡುವೆ ಎಮ್ಮೆಗಳ ಕಡೆ ತಿರುಗಿರಬಹುದು. ನನಗೆ ಗುಣವಾದದ್ದು ಗುಳಿಗೆಯಿಂದ, ವೈದ್ಯರೊಡನೆ ಆಡಿದ ಮಾತಿನಿಂದ, ಹೆಂಡತಿಯಿಂದ. ಇದನ್ನು ಒತ್ತಿ ಹೇಳುತ್ತೇನೆ, ಯಾರೂ ಕಲ್ಲಿನ ಮೇಲೆ ವಹಿ ಇಟ್ಟು ಕಾಯುವುದು ಬೇಡ. ಆದರೂ ಆ ಬೆಳಿಗ್ಗೆ ನನ್ನನ್ನು ಕೂರಿಸಿ ಅಳಿಸಿದ್ದು ಆ ಒಂದು ಪದ. ಅದನ್ನು ಬರೆದದ್ದು ನೆನಪಾಗುತ್ತದೆಯೇ ಎಂದು ಎಷ್ಟೋ ಸಲ ಕಣ್ಣು ಮುಚ್ಚಿ ಕೂತು ನೋಡಿದ್ದೇನೆ. ನೆನಪಾಗಿಲ್ಲ.

ಚಳಿಗಾಲದಲ್ಲಿ ಈಗಲೂ ಹೋಗುತ್ತೇನೆ. ನೋಡುವುದೂ ನಾನೇ, ಬರೆಯುವುದೂ ನಾನೇ, ಎಣಿಕೆ ತಪ್ಪುತ್ತಲೇ ಇರುತ್ತದೆ. ಮೂರು ಖಾನಾ ತುಂಬಿ, ಕೊನೆಯದನ್ನು ಖಾಲಿ ಬಿಟ್ಟು, ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ನೀರು ನೋಡುತ್ತೇನೆ. ವಿಜ್ಞಾನ ಬರೆಯುವವನು ಮಾಡುವ ಕೆಲಸವಲ್ಲ, ಗೊತ್ತು. ಇದುವರೆಗೆ ಯಾರೂ ಏನೂ ಬರೆದಿಲ್ಲ. 'ಒಬ್ಬ' ಎಂದು ಬರೆಯಲು ಪೆನ್ಸಿಲ್ ಎತ್ತಿಕೊಳ್ಳುತ್ತೇನೆ, ಮನಸ್ಸು ಬರುವುದಿಲ್ಲ, ವಹಿ ಹಾಗೇ ಮುಚ್ಚಿಕೊಂಡು ಮನೆಗೆ ಬರುತ್ತೇನೆ.