ಬೊಲಿವಿಯಾದ ಅಕ್ಕನ ಎದೆಬಡಿತ

ಬೆನ್ನ ಮೇಲೆ ಎರಡು ಉದ್ದ ಜಡೆ. ಸೊಂಟದ ಹತ್ತಿರ ಎರಡರ ತುದಿಯನ್ನೂ ಸೇರಿಸಿ ಕಪ್ಪು ಉಣ್ಣೆದಾರದಲ್ಲಿ ಕಟ್ಟಿದ ಗಂಟು. ಉಟ್ಟದ್ದು ನೂಲಿನ ಸೀರೆ. ಒಮಾನಿನ ಅಲ್ ಗುಬ್ರಾದಲ್ಲಿರುವ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಅವರನ್ನು ಮೊದಲು ಕಂಡಾಗ ಯಾವ ಕಡೆಯವರೆಂದು ತಿಳಿಯಲಿಲ್ಲ. ನಾನು ಫೋನಿನಲ್ಲಿ ಅಮ್ಮನೊಡನೆ ಮಾತು ಮುಗಿಸಿದ್ದೇ, "ನೀವೂ ಕನ್ನಡದವ್ರಾ? ಯಾವೂರು?" ಎಂದು ಅವರೇ ಕೇಳಿದರು.

ಅವರು ಹುಟ್ಟಿದ್ದು ಬೊಲಿವಿಯಾದ ಹಳ್ಳಿಯೊಂದರಲ್ಲಿ. ಅಲ್ಲಿಗೆ ನೀರಿನ ಯೋಜನೆಯ ಕೆಲಸಕ್ಕೆ ಹೋಗಿದ್ದ ಮೈಸೂರಿನ ಎಂಜಿನಿಯರನ್ನು ಮದುವೆಯಾಗಿ, ಅತ್ತೆಯ ಅಡುಗೆಮನೆಯಲ್ಲಿ ಕನ್ನಡ ಕಲಿತು, ಆಮೇಲೆ ಗಂಡನೊಡನೆ ಒಮಾನಿಗೆ ಬಂದವರು. ಳಕಾರ ಮಾತ್ರ ನಾಲಿಗೆಗೆ ಒಲಿಯಲಿಲ್ಲ. ಕೋಳಿ ಅವರಿಗೆ ಇವತ್ತಿಗೂ ಕೋಲಿಯೇ. ತಿದ್ದಿದರೆ, "ನಮ್ಮತ್ತೆಗೆ ಅರ್ಥ ಆಗ್ತಿತ್ತು, ಸಾಕು" ಅನ್ನುವರು. ಪಕ್ಕದ ಮನೆಯವರಾದ್ದರಿಂದ ನನಗೆ ಅವರು ಅಕ್ಕ ಆದರು.

ಪುತ್ತೂರಿನಿಂದ ಬಂದ ನಾನು ಹೇಗೋ ಲೈಸೆನ್ಸ್ ಪಡೆದಿದ್ದರೂ ರಸ್ತೆಗಿಳಿಯಲು ಹೆದರಿ ಕಾರಿನ ಕೀಲಿಯನ್ನು ಮೊಳೆಗೆ ನೇತುಹಾಕಿದ್ದೆ. ಕಾರಿಲ್ಲದೆ ಇಲ್ಲಿ ತರಕಾರಿ ತರುವುದೂ ಕಷ್ಟ. ಅಕ್ಕ ಒಂದು ದಿನ ಆ ಕೀಲಿಯನ್ನು ತೆಗೆದು ನನ್ನ ಕೈಗಿಟ್ಟು, ತಾವು ಪಕ್ಕದ ಸೀಟಿನಲ್ಲಿ ಕೂತರು. "ಹೆದರಿಕೆ ಬಂದ್ರೆ ಬರಲಿ, ಹಿಂದಿನ ಸೀಟಲ್ಲಿ ಕೂರಿಸ್ಕೋ. ಸ್ಟೀರಿಂಗ್ ಮಾತ್ರ ಕೊಡಬೇಡ." ಹಾಗೆ ದಿನಾ ಕೂತು, ಬೈಯದೆ, ಬ್ರೇಕಿಗೆ ಬೆಚ್ಚದೆ ನನ್ನನ್ನು ರಸ್ತೆಗೆ ಹಚ್ಚಿದರು.

ಕಳೆದ ಚಳಿಗಾಲದಲ್ಲಿ ರುಸ್ತಾಕ್ ಪೇಟೆಗೆ ಹೊರಟೆವು. ರೂವಿಯ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಅವರ ಒಬ್ಬಳೇ ಮಗಳು ಬಸುರಿ. ಅವಳಿಗೆ ಒಳ್ಳೆಯ ಜೇನು ಬೇಕಿತ್ತು. ದಾರಿಯಲ್ಲಿ ಏನೋ ಹೇಳುತ್ತಿದ್ದವರ ಮಾತು ಅರ್ಧಕ್ಕೇ ನಿಂತಿತು. ತಿರುಗಿ ನೋಡಿದರೆ ತಲೆ ಕಿಟಕಿಗೆ ವಾಲಿದೆ, ಮುಖ ಬೂದಿಬಣ್ಣ. ಕಾರನ್ನು ಬದಿಗೆ ನಿಲ್ಲಿಸಿ ಕೈ ಹಿಡಿದೆ. ನಾಡಿ ಒಮ್ಮೆ ಬಡಿಯಿತು; ಮುಂದಿನದಕ್ಕಾಗಿ ಉಸಿರು ಬಿಗಿಹಿಡಿದು ಕಾಯಬೇಕಾಯಿತು. ಅಷ್ಟರಲ್ಲಿ ಕಣ್ಣು ತೆರೆದರು.

"ಯಾಕೆ ನಿಲ್ಲಿಸ್ದೆ?"

"ನಿಮಗೆ ಎಚ್ಚರ ತಪ್ಪಿತ್ತು ಅಕ್ಕ."

"ಬಿಸಿಲು ಕಣೇ. ಹೋದ ತಿಂಗಲೂ ಹಿಂಗೇ ಆಗಿತ್ತು. ಮನೆಗೆ ಹೋಗೋಣ, ಯಾರಿಗೂ ಹೇಲಬೇಡ."

"ಈ ಚಳಿಯಲ್ಲಿ ಎಂಥ ಬಿಸಿಲು? ಸೀದ ಆಸ್ಪತ್ರೆಗೇ ಹೋಗುವ. ನೀವು ಸುಮ್ಮನೆ ಕೂತ್ಕೊಳ್ಳಿ."

ಅವರ ಮಾತನ್ನು ನಾನು ಮೀರಿದ್ದು ಅದೇ ಮೊದಲು.

ಇಸಿಜಿ ನೋಡಿದ ಒಮಾನಿ ವೈದ್ಯೆ ನಮಗೆ ತಿಳಿಯುವಂತೆ ಹೇಳಿದರು: ಹೃದಯದ ಮೇಲಿನ ಕೋಣೆ ಕೊಡುವ ಸೂಚನೆ ಕೆಳಗಿನ ಕೋಣೆಗೆ ತಲುಪುತ್ತಿಲ್ಲ, ನಡುವಿನ ದಾರಿ ಕಡಿದಿದೆ, ಕೆಳಗಿನದು ತನ್ನಷ್ಟಕ್ಕೆ ನಿಧಾನವಾಗಿ ಬಡಿಯುತ್ತಿದೆ. ತಡಮಾಡದೆ ಎಡಭುಜದ ಕೆಳಗೆ ಪೇಸ್‌ಮೇಕರ್ ಇಟ್ಟರು. ಮುಖಕ್ಕೆ ಬಣ್ಣ ಮರಳಿತು. ಅಕ್ಕ ಎಚ್ಚರವಾದವರೇ ಕಾಫಿ ಕೇಳಿದರು.

ಮರುದಿನ ವೈದ್ಯೆ ಮತ್ತೆ ಬಂದರು. "ನೀವು ಹುಟ್ಟಿದ್ದು ಎಲ್ಲಿ?"

ಅಕ್ಕ ಹೇಳಿದರು.

"ಮಣ್ಣಿನ ಗೋಡೆಯ ಮನೆಯೇ?"

"ಹೌದು. ಗೋಡೆಯ ಬಿರುಕಿನಿಂದ ಹುಲ ಬಂದು ಮಲಗಿದವರ ರಕ್ತ ಹೀರ್ತಿತ್ತು. ಎಲ್ಲರ ಮನೇಲೂ ಇತ್ತು."

ಚಾಗಸ್ ಎಂಬ ರೋಗದ ಹೆಸರನ್ನು ನಾನು ಕೇಳಿದ್ದು ಆಗ. ಆ ಹುಳದಿಂದ ಮೈಸೇರುವ ಪರಾವಲಂಬಿ ಜೀವಿ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಕೆಲವರಲ್ಲಿ ಹೃದಯದೊಳಗಿನ ದಾರಿಯನ್ನೇ ಕೆಡಿಸುತ್ತದಂತೆ. ವೈದ್ಯೆ ಮೆತ್ತಗೆ ಸೇರಿಸಿದರು: "ತಾಯಿಯಿಂದ ಹೊಟ್ಟೆಯ ಮಗುವಿಗೂ ಹೋಗಬಹುದು. ನಿಮ್ಮ ಮಗಳ ರಕ್ತವನ್ನೂ ನೋಡೋಣ."

ಅಲ್ಲಿಯವರೆಗೆ ನಗುತ್ತಿದ್ದ ಅಕ್ಕ ತಾವೇ ಮಗಳಿಗೆ ಫೋನ್ ಮಾಡಿ ಕರೆಸಿದರು. ಇಬ್ಬರ ರಕ್ತವೂ ಪರೀಕ್ಷೆಗೆಂದು ಹೊರದೇಶಕ್ಕೆ ಹೋಯಿತು. ಕಾಯುವ ಆ ವಾರಗಳಲ್ಲಿ ಸಂಜೆ ಅವರ ಬಳಿ ಹೋಗಿ ಕೂರುತ್ತಿದ್ದೆ. ಒಮ್ಮೆ ಕೇಳಿದರು: "ನನ್ನ ಎದೆಗೆ ಮಿಷಿನ್ ಇಟ್ರು. ಆ ಹಸುಗೂಸಿಗೆ ಏನು ಇಡ್ತಾರೆ?"

ಅಕ್ಕನ ವರದಿ ರೋಗವನ್ನು ಖಚಿತಪಡಿಸಿತು. ಮಗಳದು ಆಮೇಲೆ ಬಂತು. ಅವಳು ಕೆಲಸ ಬಿಟ್ಟು ಓಡಿಬಂದು, ಚಪ್ಪಲಿಯನ್ನೂ ಕಳಚದೆ ಬಾಗಿಲಲ್ಲೇ ನಿಂತು ಹೇಳಿದಳು: "ಅಮ್ಮಾ, ನೆಗೆಟಿವ್. ನಂಗಿಲ್ಲ. ಪಾಪೂಗೆ ಭಯ ಇಲ್ವಂತೆ."

ಅಕ್ಕ ನೆಲದ ಮೇಲೆ ಕೂತುಬಿಟ್ಟರು. "ನನ್ನಲ್ಲೇ ನಿಂತು ಹೋಯ್ತು," ಎಂದರು. ಆಮೇಲೆ ತಮ್ಮ ತಾಯಿನುಡಿಯಲ್ಲಿ ಏನೇನೋ ಹೇಳುತ್ತ ಅತ್ತರು. ನಮ್ಮಿಬ್ಬರಿಗೂ ಆ ಮಾತು ಬಾರದು. ಆದರೂ ಜೊತೆಗೆ ಅತ್ತು, ಹಗುರಾದೆವು.

ಕಡಿದ ದಾರಿ ಮತ್ತೆ ಸರಿಯಾಗುವುದಿಲ್ಲ. ಆಗಾಗ ತಪಾಸಣೆಗೆ ಹೋಗಲೇಬೇಕು. ಅಕ್ಕ ಹೋಗುತ್ತಾರೆ. ಈಗ ಮೊಮ್ಮಗನನ್ನು ಎತ್ತಿಕೊಂಡು, ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವಲೇ ನನ್ನ ಉಳಿಸಿದ್ದು" ಅನ್ನುತ್ತಾರೆ. ಕೇಳಿದವರು ತಲೆದೂಗುತ್ತಾರೆ. ನಾಲ್ಕು ಗೋಡೆಯೊಳಗೆ ಮುದುಡಿದ್ದ ನನ್ನನ್ನು ಮೊದಲು ಉಳಿಸಿದವರು ಯಾರೆಂದು ಅವರಿಗೇನು ಗೊತ್ತು? ನಾನು ಆ ಋಣ ತೀರಿಸುವುದಕ್ಕೆ ಅಕ್ಕ ಇನ್ನೂ ಪಕ್ಕದ ಮನೆಯಲ್ಲೇ ಇದ್ದಾರೆ. ಅದೇ ನನ್ನ ನೆಮ್ಮದಿ.